ಅಪ್ಪನಿಗೆ ಪ್ಯಾಲಿಯೇಟಿವ್ ಕೇರ್, ಊರಿನಲ್ಲಿ ಕರಿಯ: ನಾಯಿಯನ್ನು ಬೆಂಗಳೂರಿಗೆ ಕರೆತರಬಹುದಾ?

ಅಡಿಕೆತೋಟ
ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಈಗ ನಿಮ್ಮ ಸಲಹೆ ಬೇಕಾಗಿದೆ.

ಅಪ್ಪನಿಗೆ ಬಾಯಿ ಕ್ಯಾನ್ಸರ್. ಕವಳದ (ಎಲೆ ಅಡಿಕೆ) ಅಭ್ಯಾಸ ಬಹಳ ವರ್ಷದ್ದು. ಆಪರೇಷನ್, ರೇಡಿಯೇಷನ್ ಎಲ್ಲ ಆಯಿತು. ಈಗ ಶ್ವಾಸಕೋಶಕ್ಕೂ ಹರಡಿದೆ. ಇನ್ನು ಕೀಮೋ ಕೊಟ್ಟು ಸುಮ್ನೆ ಹಿಂಸೆ ಬೇಡ, ನೋವಿಲ್ಲದ ಹಾಗೆ ನೋಡಿಕೊಳ್ಳೋಣ ಎಂದಿದ್ದಾರೆ ಡಾಕ್ಟರು. ಪ್ಯಾಲಿಯೇಟಿವ್ ಕೇರ್ ಅಂದರೆ ಅದೇ. ಮಾರ್ಫಿನ್ ನಡೆಯುತ್ತಿದೆ. ಊಟ ಮೂಗಿನ ಟ್ಯೂಬಿನಲ್ಲಿ. ಮಾತು ಸ್ಪಷ್ಟ ಇಲ್ಲ, ಹಾಗಾಗಿ ಸ್ಲೇಟಿನಲ್ಲಿ ಬರೆಯುತ್ತಾರೆ.

ಸದ್ಯ ಬೆಂಗಳೂರಿನಲ್ಲಿ ನಮ್ಮ ಜೊತೆ ಇದ್ದಾರೆ, ನಾಲ್ಕನೇ ಮಹಡಿ ಫ್ಲ್ಯಾಟ್. ಊರು ತೀರ್ಥಹಳ್ಳಿ ಕಡೆ. ಅಲ್ಲಿ ತೋಟ, ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ಹಸುಗಳು, ಮತ್ತೆ ಕರಿಯ. ಕರಿಯ ನಾಡು ನಾಯಿ. ತೋಟಕ್ಕೆ ಹೋದರೂ ಸೊಸೈಟಿಗೆ ಹೋದರೂ ಅಪ್ಪನ ಹಿಂದೆಯೇ. ಚಿಕ್ಕಪ್ಪ ಅವನಿಗೆ ಅನ್ನ ಹಾಕುತ್ತಿದ್ದಾರೆ. ದಿನಾ ಬೆಳಿಗ್ಗೆ ಸ್ಲೇಟಿನಲ್ಲಿ ಮೊದಲ ಸಾಲು ಅದೇ: "ಕರಿಯ ಉಂಡನಾ?"

ಫ್ಯಾಮಿಲಿ ಗ್ರೂಪಿನಲ್ಲಿ ಯಾರೋ ಫ್ರಾನ್ಸಿನ ಆಸ್ಪತ್ರೆಯೊಳಗೆ ಕುದುರೆ ಓಡಾಡುವ ವಿಡಿಯೋ ಹಾಕಿದರು. ತರಬೇತಾದ ನಾಯಿಗಳನ್ನು ರೋಗಿಗಳ ಹತ್ತಿರ ಕರೆತರುವವರು ಇಲ್ಲೂ ಇದ್ದಾರೆ ಎಂದು ನನ್ನ ಕಸಿನ್ ಹೇಳುತ್ತಾಳೆ. ಅವರನ್ನು ಕರೆಸುವುದಾ? ಕರಿಯನನ್ನೇ ಇಲ್ಲಿಗೆ ತರುವುದಾ? ನಂಜು ಆಗುತ್ತೆ, ನಾಯಿ ಎಲ್ಲ ಬೇಡ ಅನ್ನುತ್ತಾರೆ ಅತ್ತೆ. ಅನುಭವ ಇದ್ದವರು ಹೇಳಿ.

ನೈಟ್‌ಡ್ಯೂಟಿ
ನಾನು ಪ್ಯಾಲಿಯೇಟಿವ್ ನರ್ಸ್. ಮನೆಗಳಿಗೆ ಹೋಗಿ ನೋಡುವ ಕೆಲಸ. ಮೊದಲು ಎರಡು ಪ್ರಶ್ನೆ. ಕೆನ್ನೆಯಲ್ಲೋ ಕುತ್ತಿಗೆಯಲ್ಲೋ ತೆರೆದ ಗಾಯ ಇದೆಯಾ? ಕೊನೆಯ ಕೀಮೋ ಯಾವಾಗ ಆಗಿದ್ದು?

ಕೀಮೋ ನಿಂತು ಬಹಳ ದಿನ ಆಗಿದ್ದು, ರಕ್ತದಲ್ಲಿ ಬಿಳಿ ಕಣ ಸರಿ ಇದ್ದರೆ ನಾಯಿ ಹತ್ತಿರ ಬಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಅತ್ತೆಯವರ ಭಯ ಪೂರ್ತಿ ಸುಳ್ಳೂ ಅಲ್ಲ. ಬಿಳಿ ಕಣ ತುಂಬಾ ಇಳಿದಾಗ ನಾಯಿಯ ಜೊಲ್ಲಿನಲ್ಲಿರುವ ಬ್ಯಾಕ್ಟೀರಿಯಾ ಕೂಡ ರಕ್ತಕ್ಕೆ ಸೇರಿ ಜೀವಕ್ಕೆ ಕುತ್ತು ತರಬಹುದು. ಅಪರೂಪ, ಆದರೆ ಆಗುತ್ತದೆ. ಆ ಹಂತ ದಾಟಿದವರಿಗೆ ಎಚ್ಚರಿಕೆ ಸಾಕು, ನಿಷೇಧ ಬೇಡ.

ಗಾಯದ ವಿಷಯ ಬೇರೆ. ಬಾಯಿ ಕ್ಯಾನ್ಸರ್ ಗಾಯಕ್ಕೆ ಒಂದು ವಾಸನೆ ಇರುತ್ತದೆ. ಮನುಷ್ಯರು ಅದಕ್ಕೆ ದೂರ ಕೂರುತ್ತಾರೆ, ನಾಯಿ ಅದಕ್ಕೇ ಹತ್ತಿರ ಬರುತ್ತದೆ, ನೆಕ್ಕಲು ನೋಡುತ್ತದೆ. ನೆಕ್ಕಲು ಬಿಡಲೇಬಾರದು. ಗಾಜ್ ಹಾಕಿ, ಮೇಲೆ ಬಟ್ಟೆ ಸುತ್ತಿ, ಆಮೇಲೆ ನಾಯಿ. ವಾಸನೆಗೆ ಗಾಯದ ಮೇಲೆ ಮೆಟ್ರೋನಿಡಜೋಲ್ ಪುಡಿ ಹಾಕುವುದು ರೂಢಿಯಲ್ಲಿದೆ. ನಿಮ್ಮ ಟೀಮ್ ಹೇಳಿಲ್ಲದಿದ್ದರೆ ಕೇಳಿ.

ಇನ್ನೊಂದು ಮಾತು, ಕೆಲಸದಲ್ಲಿ ನೋಡಿದ್ದು. ಮುಖ ವಿಕಾರ ಆದ ರೋಗಿಗಳನ್ನು ನೋಡಲು ಬರುವವರು ಗೋಡೆಯನ್ನೋ ಕ್ಯಾಲೆಂಡರನ್ನೋ ನೋಡುತ್ತಾ ಮಾತಾಡುತ್ತಾರೆ. ರೋಗಿಗೆ ಅದು ಗೊತ್ತಾಗುತ್ತದೆ. ನಾಯಿಗೆ ಮುಖದ ಚಂದ ಕಟ್ಟಿಕೊಂಡು ಏನು? ನಿಮ್ಮ ಅಪ್ಪ ಕರಿಯನನ್ನು ಕೇಳುತ್ತಿರುವುದು ನನಗೆ ಆಶ್ಚರ್ಯ ಅನ್ನಿಸಲಿಲ್ಲ.

ಸಂಶಯಪಿಶಾಚಿ
ಮೊದಲು ಆ ಕುದುರೆ ವಿಡಿಯೋ. ಕುದುರೆ ಹೆಸರು ಪೇಯೊ, ಜಾಗ ಕ್ಯಾಲೆ ಊರಿನ ಆಸ್ಪತ್ರೆ, ಅದರ ಜೊತೆಗಾರ ಹಸ್ಸನ್ ಬುಶಕೂರ್. ಅದು ನಿಜವೇ. 2021ರಲ್ಲಿ ಅವರ ಫೋಟೋಗೆ ವರ್ಲ್ಡ್ ಪ್ರೆಸ್ ಫೋಟೋ ಬಹುಮಾನವೂ ಬಂತು. ಆದರೆ ವಿಡಿಯೋ ಕೆಳಗೆ ಬರೆದಿರುತ್ತಾರಲ್ಲ, "ಕ್ಯಾನ್ಸರ್ ಇರುವ ಜಾಗವನ್ನು ಕುದುರೆ ಹುಡುಕುತ್ತದೆ, ಸಾವನ್ನು ಮೊದಲೇ ಹೇಳುತ್ತದೆ" ಅಂತ, ಅದನ್ನೆಲ್ಲ ನಂಬಿ ಮನೆ ನಡೆಸಬೇಡಿ.

ಅಮೆರಿಕದ ಆಸ್ಕರ್ ಬೆಕ್ಕಿನ ಕಥೆಯೂ ಹಾಗೆಯೇ. ಪ್ರಾವಿಡೆನ್ಸ್ ಊರಿನ ಸ್ಟಿಯರ್ ಹೌಸ್ ಎಂಬ ಆರೈಕೆ ಮನೆಯಲ್ಲಿ ಸಾಯುವವರ ಹಾಸಿಗೆ ಹತ್ತಿ ಮಲಗುತ್ತಿತ್ತು ಎಂದು ಡೇವಿಡ್ ಡೋಸಾ ಎಂಬ ಡಾಕ್ಟರ್ 2007ರಲ್ಲಿ ಬರೆದರು. ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೇ ಬಂತು. ಆದರೆ ಅದು ಪ್ರಬಂಧ, ಅಧ್ಯಯನ ಅಲ್ಲ. ಬೆಚ್ಚಗಿನ ಹೊದಿಕೆ, ಅಲುಗಾಡದ ಮನುಷ್ಯ. ಬೆಕ್ಕಿಗೆ ಇನ್ನೇನು ಬೇಕು?

ಇನ್ನು ಪುರಾವೆ. ಎಲ್ಲರೂ ತೋರಿಸುವುದು 1980ರ ಎರಿಕಾ ಫ್ರೀಡ್‌ಮನ್ ಅಧ್ಯಯನವನ್ನು. ಹೃದಯದ ತೊಂದರೆಗೆ ಆಸ್ಪತ್ರೆ ಸೇರಿದ್ದ 92 ಜನ. ಸಾಕುಪ್ರಾಣಿ ಇದ್ದ 53 ಜನರಲ್ಲಿ ವರ್ಷದೊಳಗೆ ಸತ್ತವರು 3. ಇಲ್ಲದ 39 ಜನರಲ್ಲಿ 11. ಕೇಳಲು ಚೆನ್ನಾಗಿದೆ. ಆದರೆ ಅದು ಹೃದಯ ರೋಗಿಗಳ ಲೆಕ್ಕ, ಆಮೇಲಿನ ಅಧ್ಯಯನಗಳೆಲ್ಲ ಅದಕ್ಕೆ ತಾಳ ಹಾಕಿಲ್ಲ. ಪ್ಯಾಲಿಯೇಟಿವ್ ರೋಗಿಗಳ ಮೇಲೆ ಆಗಿರುವುದು ಹೆಚ್ಚಾಗಿ ಸಣ್ಣ ಸಣ್ಣ ಅಧ್ಯಯನ. ಸ್ವಲ್ಪ ಹೊತ್ತು ಮನಸ್ಸು ಹಗುರ ಆಗುತ್ತದೆ, ಆತಂಕ ಇಳಿಯುತ್ತದೆ ಎನ್ನುತ್ತವೆ. ನೋವಿನ ವಿಷಯದಲ್ಲಿ ಒಂದೊಂದು ಒಂದೊಂದು ಹೇಳುತ್ತದೆ. ಮಾತ್ರೆಯಾದರೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ನಾಯಿಯನ್ನು ರೋಗಿಗೆ ಗೊತ್ತಾಗದ ಹಾಗೆ ಕೊಡುವುದು ಹೇಗೆ?

ಕರಿಯ ಬೇಡ ಅಂತಲ್ಲ. ಅಪ್ಪನಿಗೆ ಅವನು ಬೇಕು, ಅಷ್ಟು ಕಾರಣ ಸಾಕು. ಅದಕ್ಕೆ ವಿಜ್ಞಾನದ ಸಹಿ ಯಾಕೆ?

ಬಿಸಿಬೇಳೆ_ಯುಕೆ
ಸಂಶಯಪಿಶಾಚಿ ಅವರ ಕೊನೆಯ ಮಾತಿಗೆ ನನ್ನ ವೋಟು. ಇಂಗ್ಲೆಂಡಿನಲ್ಲಿದ್ದೇನೆ. ನಮ್ಮ ಲ್ಯಾಬ್ರಡಾರ್ ಹುಡುಗಿಯನ್ನು ಕರೆದುಕೊಂಡು ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಇಲ್ಲಿನ ಒಂದು ಹಾಸ್ಪಿಸ್‌ಗೆ ಹೋಗುತ್ತೇನೆ. ವಾಲಂಟಿಯರ್ ಕೆಲಸ.

ಇಲ್ಲಿ ಇದು ಹಳೆಯ ವ್ಯವಸ್ಥೆ. ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟಫರ್ಸ್ ಶುರು ಮಾಡಿದ ಮೇಲೆ ಹಾಸ್ಪಿಸ್‌ಗಳು ಒಂದೊಂದಾಗಿ ಬಂದವು. 1983ರಲ್ಲಿ ಪೆಟ್ಸ್ ಆ್ಯಸ್ ಥೆರಪಿ ಸಂಸ್ಥೆ ಬಂತು. ನಾಯಿಯ ಸ್ವಭಾವ ಪರೀಕ್ಷೆ ಮಾಡಿಯೇ ಒಳಗೆ ಬಿಡುತ್ತಾರೆ. ತಟ್ಟೆ ಬಿದ್ದ ಸದ್ದಿಗೆ ಬೆಚ್ಚಬಾರದು, ಯಾರಾದರೂ ಕಿವಿ ಹಿಡಿದು ಎಳೆದರೂ ಬಾಯಿ ಹಾಕಬಾರದು. ನರ್ಸ್‌ಗಳ ರಾಯಲ್ ಕಾಲೇಜು 2018ರಲ್ಲಿ ಆಸ್ಪತ್ರೆಗೆ ನಾಯಿ ತರುವ ಬಗ್ಗೆ ಒಂದು ಮಾರ್ಗದರ್ಶಿಯನ್ನೇ ಹೊರಡಿಸಿತು.

ಭೇಟಿ ಹೇಗಿರುತ್ತದೆ ಹೇಳುತ್ತೇನೆ. ಮೊದಲು ನರ್ಸ್ ಹತ್ತಿರ ಪಟ್ಟಿ ತಗೋಬೇಕು: ಯಾರಿಗೆ ಇಷ್ಟ, ಯಾರಿಗೆ ಬೇಡ, ಯಾರ ಕೋಣೆಗೆ ಇವತ್ತು ಹೋಗಬಾರದು. ರೋಗಿ ಕೈ ತೊಳೆಯಬೇಕು, ನಾನೂ. ಮಂಚದ ಮೇಲೆ ಬೇರೆ ಬಟ್ಟೆ ಹಾಸಿ ಅದರ ಮೇಲೆ ನಾಯಿ ತಲೆ ಇಡುವುದು. ಕೆಲವರು ತಲೆ ಸವರುತ್ತಾರೆ. ಕೆಲವರು ಸುಮ್ಮನೆ ನೋಡುತ್ತಾರೆ. ಅರ್ಧ ನಿಮಿಷದಲ್ಲಿ "ಸಾಕು" ಅನ್ನುವವರೂ ಇದ್ದಾರೆ.

ಅಡಿಕೆತೋಟ ಅವರೇ, ನಿಮಗೆ ಉಪಯೋಗ ಆಗುವ ಸಂಗತಿ ಇದು. ನಮ್ಮ ನಾಯಿಯನ್ನು ಮುಟ್ಟಿದ ಸ್ವಲ್ಪ ಹೊತ್ತಿಗೆ ಬಹುತೇಕ ಎಲ್ಲರೂ ತಮ್ಮ ನಾಯಿ ಬಗ್ಗೆ ಮಾತು ಶುರು ಮಾಡುತ್ತಾರೆ. ಹೆಸರೇನು, ಯಾವ ಸೋಫಾ ಹರಿದಿತ್ತು, ಈಗ ಯಾರ ಹತ್ತಿರ ಇದೆ. ಫೋಟೋ ತೋರಿಸುತ್ತಾರೆ. ನಮ್ಮ ಹುಡುಗಿ ಅಲ್ಲಿ ನೆಪ ಅಷ್ಟೇ. ಸ್ವಂತ ನಾಯಿ ಬದುಕಿರುವಾಗ ಬಾಡಿಗೆ ನೆಪ ಯಾಕೆ? ಇಲ್ಲಿನ ಎಷ್ಟೋ ಹಾಸ್ಪಿಸ್‌ಗಳು ರೋಗಿಯ ಸ್ವಂತ ಪ್ರಾಣಿಯನ್ನೇ ಒಳಗೆ ಬಿಡುತ್ತವೆ. 2014ರಲ್ಲಿ ವಿಗನ್ ಊರಿನ ಆಸ್ಪತ್ರೆಯವರು ಒಬ್ಬ ಹೆಂಗಸಿನ ಮಂಚವನ್ನೇ ಕಾರ್ ಪಾರ್ಕಿಗೆ ತಳ್ಳಿಕೊಂಡು ಬಂದಿದ್ದರು, ಆಕೆಯ ಕುದುರೆ ನೋಡಲಿ ಅಂತ.

ಗೋಡಾಕ್ಟ್ರು
ಪಶುವೈದ್ಯ, ಹಾಸನ ಕಡೆ. ಕರಿಯನ ಪರವಾಗಿ ನಾನು ಮಾತಾಡುತ್ತೇನೆ, ಅವನ ಪರ ಯಾರೂ ಮಾತಾಡಿಲ್ಲ ಇಲ್ಲಿ.

ತೋಟದಲ್ಲಿ ಬೆಳೆದ ನಾಯಿ. ಕಾರು ಹತ್ತಿಲ್ಲ, ಲಿಫ್ಟ್ ನೋಡಿಲ್ಲ, ಬಹುಶಃ ಕೊರಳಿಗೆ ಹಗ್ಗವೂ ಗೊತ್ತಿಲ್ಲ. 300 ಕಿಲೋಮೀಟರ್ ಮೇಲಿನ ದಾರಿ. ದಾರಿಯುದ್ದಕ್ಕೂ ವಾಂತಿ. ಇಳಿದ ಮೇಲೆ ಜಾರುವ ಟೈಲ್ಸ್ ನೆಲ, ಕುಕ್ಕರ್ ಸೀಟಿ, ಪಕ್ಕದ ಮನೆಯ ಪಗ್. ಎಲ್ಲಿ ಉಚ್ಚೆ ಹೊಯ್ಯಬೇಕು ಅಂತಲೇ ಅವನಿಗೆ ತಿಳಿಯಲ್ಲ. ಹೆದರಿದ ನಾಯಿ ಮಂಚದ ಕೆಳಗೆ ಸೇರಿಕೊಳ್ಳುತ್ತದೆ, ಎಳೆಯಲು ಹೋದರೆ ಕಚ್ಚುತ್ತದೆ. ಅಪ್ಪನಿಗೆ ಅದನ್ನು ನೋಡಿ ಸಂತೋಷ ಆಗುತ್ತಾ?

ಅಪಾರ್ಟ್‌ಮೆಂಟಿನವರು ತಡೆಯುತ್ತಾರೆ ಅನ್ನುವ ಚಿಂತೆ ಇದ್ದರೆ ಅದು ಬೇಡ. ಸಾಕುನಾಯಿಯನ್ನೂ ನಿಷೇಧಿಸುವಂತಿಲ್ಲ, ಲಿಫ್ಟನ್ನೂ ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ತೊಂದರೆ ಅಸೋಸಿಯೇಷನ್‌ದಲ್ಲ, ನಾಯಿಯದ್ದು.

ನಾನಾಗಿದ್ದರೆ ಡಾಕ್ಟರನ್ನು ಬೇರೆ ಪ್ರಶ್ನೆ ಕೇಳುತ್ತಿದ್ದೆ: ಅಪ್ಪನನ್ನೇ ಊರಿಗೆ ಕರೆದುಕೊಂಡು ಹೋಗಬಹುದಾ?

ಜಯನಗರ_ಅಜ್ಜಿ
ನೀವೆಲ್ಲ ನಾಯಿ ಪ್ರೀತಿಯವರು, ಬೈದರೂ ಪರವಾಗಿಲ್ಲ ಅಂತಲೇ ಬರೆಯುತ್ತಿದ್ದೇನೆ. ನಮ್ಮ ಅತ್ತೆ ಕೊನೆಯಲ್ಲಿ ಒಂದು ದೊಡ್ಡ ಆಸ್ಪತ್ರೆಯಲ್ಲಿದ್ದರು. ಹೆಸರು ಬೇಡ. ಒಂದು ದಿನ ಮಧ್ಯಾಹ್ನ ಯಾರೋ ಹುಡುಗ ಹುಡುಗಿಯರು ಟೀ ಶರ್ಟ್ ಹಾಕಿಕೊಂಡು ದೊಡ್ಡ ನಾಯಿ ಜೊತೆ ವಾರ್ಡಿಗೆ ಬಂದರು. ಕ್ಯಾಮೆರಾ ಬೇರೆ. ಅತ್ತೆಗೆ ಚಿಕ್ಕವರಿದ್ದಾಗ ನಾಯಿ ಕಚ್ಚಿ ಹೊಟ್ಟೆಗೆ ಇಂಜೆಕ್ಷನ್ ಹಾಕಿಸಿಕೊಂಡಿದ್ದರು. ಏಳಲು ಆಗಲ್ಲ, ಓಡಲು ಆಗಲ್ಲ. ಕೈಯನ್ನು ಸೀರೆಯೊಳಗೆ ಎಳೆದುಕೊಂಡು ಕಣ್ಣು ಮುಚ್ಚಿಬಿಟ್ಟರು. "ಅಜ್ಜಿ ಎಷ್ಟು ಶಾಂತವಾಗಿದ್ದಾರೆ ನೋಡಿ" ಅಂದಳು ಆ ಹುಡುಗಿ.

ಒಬ್ಬರಾದರೂ ಮೊದಲು ಕೇಳಲಿಲ್ಲ.

ಮಡಿ ಮೈಲಿಗೆ ವಿಷಯ ಎತ್ತಲ್ಲ. ಆದರೆ ಕೆಲವರಿಗೆ ಅದೂ ಇರುತ್ತದೆ. ಸಾಯುವ ಹೊತ್ತಲ್ಲಿ ಅವರ ಮನೆಯ ರೀತಿ ಬದಲಾಯಿಸಲು ನಾವ್ಯಾರು?

ನೈಟ್‌ಡ್ಯೂಟಿ
ಅಜ್ಜಿ, ಬೈಯುವುದು ಎಲ್ಲಿ ಬಂತು. ನೀವು ಹೇಳಿದ್ದು ನಮ್ಮಂಥವರು ಓದಲೇಬೇಕಾದ ಮಾತು. ಹಾಸಿಗೆ ಹಿಡಿದವರು "ಬೇಡ" ಅಂತ ಎದ್ದು ಹೋಗಲು ಆಗಲ್ಲ. ಹಾಗಾಗಿ ಹಿಂದಿನ ದಿನವೇ ಕೇಳಬೇಕು, ನಾಯಿ ಬಾಗಿಲಲ್ಲಿ ನಿಂತಾಗ ಅಲ್ಲ. ಆಗ ಕೇಳಿದರೆ ಮುಲಾಜಿಗೆ ಹೂಂ ಅಂದುಬಿಡುತ್ತಾರೆ.

ಅಮೆರಿಕದ ಆಸ್ಪತ್ರೆ ಸೋಂಕು ತಜ್ಞರ ಸಂಘ 2015ರಲ್ಲಿ ಹೊರಡಿಸಿದ ನಿಯಮಗಳಲ್ಲೂ ಇಂಥದ್ದೆಲ್ಲ ಇದೆ. ನಾಯಿಗೆ ಕಡಿಮೆ ಎಂದರೂ 1 ವರ್ಷ ತುಂಬಿರಬೇಕು. ಹಸಿ ಮಾಂಸ ತಿನ್ನುವ ನಾಯಿ ಬೇಡ. ಒಂದು ಭೇಟಿ 1 ಗಂಟೆ ಮೀರಬಾರದು. ಬೆಕ್ಕಂತೂ ಬೇಡವೇ ಬೇಡ, ಅದನ್ನು ನಂಬುವ ಹಾಗೆ ಪಳಗಿಸಲು ಆಗಲ್ಲ ಅಂತ. ಇದೆಲ್ಲ ವಾರ್ಡಿಗೆ ಬರುವ ಹೊರಗಿನ ನಾಯಿಗೆ. ಮನೆಯದೇ ನಾಯಿಗೆ ಇಷ್ಟು ಬಿಗಿ ಬೇಕಿಲ್ಲ.

ಫಿಸಿಯೋ_ಮೈಸೂರು
ಒಂದು ವಿಷಯ ಯಾರೂ ಹೇಳಿಲ್ಲ. ನಾಯಿ ಬಂದು ಹೋಗುವುದು ಬೇರೆ, ಥೆರಪಿ ಬೇರೆ. ಥೆರಪಿ ಎಂದರೆ ಒಂದು ಗುರಿ ಇರಬೇಕು, ಅದನ್ನು ಯಾರಾದರೂ ಬರೆದಿಡಬೇಕು, ಮುಂದಿನ ಸಲ ನೋಡಬೇಕು. ಕುತ್ತಿಗೆ ಆಪರೇಷನ್ ಆದವರಿಗೆ ಭುಜ ಬಿಗಿದುಕೊಳ್ಳುತ್ತದೆ. ಕೈ ಎತ್ತಿ ಅಂದರೆ ಎತ್ತಲ್ಲ. ನಾಯಿಗೆ ಬ್ರಷ್ ಮಾಡಿ ಅಂದರೆ, ಬೆನ್ನಿನಿಂದ ಬಾಲದವರೆಗೆ ಕೈ ತಾನಾಗಿ ಚಾಚುತ್ತದೆ. ನಾನು ಮಾಡಿಸುವ ವ್ಯಾಯಾಮವೇ ಅದು, ಬೇಜಾರಿಲ್ಲದೆ.

ಮಾತಿನ ವಿಷಯಕ್ಕೂ ಹೀಗೊಂದು ಹಳೆಯ ಕಥೆ ಇದೆ. ನ್ಯೂಯಾರ್ಕಿನಲ್ಲಿ ಬೋರಿಸ್ ಲೆವಿನ್‌ಸನ್ ಎಂಬ ಮಕ್ಕಳ ಮನಶ್ಶಾಸ್ತ್ರಜ್ಞ ಇದ್ದರು. ಯಾರ ಹತ್ತಿರವೂ ಬೆರೆಯದ ಒಬ್ಬ ಹುಡುಗ ಅವರ ನಾಯಿ ಜಿಂಗಲ್ಸ್ ಜೊತೆ ಆಟಕ್ಕೆ ಇಳಿದ. ನಾಯಿಯನ್ನೂ ಜೊತೆ ಸೇರಿಸಿಕೊಂಡು ಚಿಕಿತ್ಸೆ ಮಾಡಬಹುದು ಎಂದು 1962ರಲ್ಲಿ ಬರೆದರು. ಜನ ನಕ್ಕರಂತೆ ಆಗ. ನಿಮ್ಮ ಅಪ್ಪ ಸ್ಲೇಟು ಇಲ್ಲದೆ ಮಾತಾಡುವುದು ಕರಿಯನ ಹತ್ತಿರ ಮಾತ್ರ ಆಗಿರಬಹುದು. ನಾಯಿಗೆ ಉಚ್ಚಾರ ಸ್ಪಷ್ಟ ಇರಬೇಕಿಲ್ಲವಲ್ಲ.

ಕಡಲತಡಿ
ಧರ್ಮರಾಯನೇ ನಾಯಿ ಬಿಟ್ಟು ಸ್ವರ್ಗಕ್ಕೆ ಬರಲ್ಲ ಅಂದ. ನಮ್ಮಲ್ಲಿ ಇದು ಹೊಸದೇನಲ್ಲ. ವಿದೇಶದ ಕಥೆ ಯಾಕೆ?

ಸಂಶಯಪಿಶಾಚಿ
ಅದು ಚಿಕಿತ್ಸೆ ಅಲ್ಲ ಮಾರಾಯ್ರೆ, ಪರೀಕ್ಷೆ. ಅದೂ ಆ ನಾಯಿ ಸಾಕಿದ್ದಲ್ಲ, ದಾರಿಯಲ್ಲಿ ಸೇರಿಕೊಂಡದ್ದು. ಕೊನೆಗೆ ನಾಯಿಯೂ ಅಲ್ಲ.

ಕಡಲತಡಿ
ಸರಿ ಬಿಡಿ. ಆದರೆ ನಮ್ಮ ಅಜ್ಜನ ಕೊನೆ ಹೊತ್ತಿನಲ್ಲಿ ದನವನ್ನು ಅಂಗಳಕ್ಕೆ ತಂದಿದ್ದರು, ಗೋದಾನಕ್ಕೆ. ಭಟ್ಟರು ಮಂತ್ರ ಹೇಳುತ್ತಿದ್ದರೆ ಅಜ್ಜ ಬಾಲ ಹಿಡಿಯುವುದು ಬಿಟ್ಟು ದನದ ಕೆಚ್ಚಲು ನೋಡುತ್ತಿದ್ದರು. ಹಾಲು ಕರೆದಿಲ್ಲ, ಬಿಗಿದಿದೆ ಅಂತ ಸನ್ನೆ ಮಾಡಿ ಬೈದರು. ವೈತರಣಿ ದಾಟಿಸುವ ದನ ಅವರಿಗೆ ಬೇಕಿರಲಿಲ್ಲ, ಕರೆಯಬೇಕಾದ ದನ ಬೇಕಿತ್ತು.

ಬಿಸಿಬೇಳೆ_ಯುಕೆ
ಕಡಲತಡಿ, ಈ ಒಂದು ಪೋಸ್ಟಿಗೆ ಇಡೀ ಥ್ರೆಡ್ ಕೊಡಬಹುದು.

ಅಡಿಕೆತೋಟ
ಎಲ್ಲರಿಗೂ ಥ್ಯಾಂಕ್ಸ್. ಕೀಮೋ ನಿಂತು ತಿಂಗಳುಗಳೇ ಆಗಿವೆ, ರಕ್ತ ಪರೀಕ್ಷೆ ಪರವಾಗಿಲ್ಲ. ದವಡೆ ಕೆಳಗೆ ಸಣ್ಣ ಗಾಯ ಇದೆ.

ಗೋಡಾಕ್ಟ್ರ ಪ್ರಶ್ನೆಯನ್ನೇ ಡಾಕ್ಟರ ಹತ್ತಿರ ಕೇಳಿದೆ. "ಪ್ರಯಾಣ ತಡೆದುಕೊಳ್ಳುವ ಶಕ್ತಿ ಈಗ ಇದೆ, ಇನ್ನೊಂದು ತಿಂಗಳಿಗೆ ಇರುತ್ತೆ ಅಂತ ಹೇಳಲಾರೆ" ಅಂದರು. ಅಪ್ಪನನ್ನೂ ಕೇಳಿದೆ, ಊರಿಗೆ ಹೋಗೋಣವಾ, ಕರಿಯ ಇದ್ದಾನೆ ಅಂತ. ಸ್ಲೇಟಿನಲ್ಲಿ ಬರೆದದ್ದು ಬೇರೆಯೇ: "ಕೊಯ್ಲಿಗೆ ಜನ ಸಿಕ್ಕಿದರಾ?" ಆಮೇಲೆ ಕೆಳಗೆ, "ಗೌರಿ ಗಬ್ಬ. ಯಾವಾಗ ಈಯುತ್ತೆ ಕೇಳು." ಕರಿಯನ ಸುದ್ದಿಯೇ ಇಲ್ಲ!

ಹೋಗುವುದು ಅಂತ ತೀರ್ಮಾನ ಆಗಿದೆ. ಭಯ ಇರುವುದು ನೋವು ಜಾಸ್ತಿಯಾದರೆ ಅಲ್ಲಿ ಏನು ಮಾಡುವುದು ಅಂತ.

ನೈಟ್‌ಡ್ಯೂಟಿ
ಇದು ನಾಯಿಗಿಂತ ಮುಖ್ಯ, ಗಮನ ಇಟ್ಟು ಓದಿ. ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗಲ್ಲ. 2014ರಲ್ಲಿ ಮಾದಕ ವಸ್ತು ಕಾನೂನಿಗೆ ತಿದ್ದುಪಡಿ ಆದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳುವುದು ಸುಲಭ ಆಗಿದೆ, ಆದರೂ ಊರೂರಿಗೆ ಬಂದಿಲ್ಲ. ಹೊರಡುವ ಮೊದಲೇ ಸಾಕಷ್ಟು ಮಾತ್ರೆ, ಚೀಟಿ, ಡಾಕ್ಟರ್ ಪತ್ರ, ಫೋನ್ ನಂಬರ್ ಎಲ್ಲ ಕೈಯಲ್ಲಿರಲಿ. ಹತ್ತಿರದಲ್ಲಿ ಮಾರ್ಫಿನ್ ಕೊಡುವ ಆಸ್ಪತ್ರೆ ಯಾವುದು ಅಂತ ಇವತ್ತೇ ಫೋನ್ ಮಾಡಿ ವಿಚಾರಿಸಿ, ಜಿಲ್ಲಾ ಆಸ್ಪತ್ರೆಯಿಂದ ಶುರು ಮಾಡಿ. ಸಾದಾ ಮಾತ್ರೆಯನ್ನು ಪುಡಿ ಮಾಡಿ ಟ್ಯೂಬಿನಲ್ಲಿ ಹಾಕಬಹುದು. ನಿಧಾನವಾಗಿ ಬಿಡುವ ಮಾತ್ರೆಯನ್ನು ಪುಡಿ ಮಾಡಲೇಬಾರದು. ಮಲಬದ್ಧತೆಗೆ ಔಷಧಿ ಮರೆಯಬೇಡಿ, ಮಾರ್ಫಿನ್ ಇರುವಷ್ಟು ದಿನ ಅದೂ ಇರಬೇಕು.

ಬೆಂಗಳೂರಿನಲ್ಲೇ ಉಳಿಯುವುದಾದರೆ ಮಾರತ್ತಹಳ್ಳಿಯ ಕರುಣಾಶ್ರಯ ಇದೆ, ಕಾಸು ತಗೊಳ್ಳಲ್ಲ, ಮನೆಗೂ ಬರುತ್ತಾರೆ. ಊರಿಗೆ ಹೋದರೆ ನಿಮ್ಮ ಟೀಮ್ ಫೋನಿನಲ್ಲೇ ಇರಬೇಕಾಗುತ್ತದೆ.

ಗೋಡಾಕ್ಟ್ರು
ಅಪ್ಪ ತಲುಪುವ ಮೊದಲು ಚಿಕ್ಕಪ್ಪನಿಗೆ ಕೆಲಸ ಇದೆ.

ಕರಿಯನಿಗೆ ರೇಬೀಸ್ ಲಸಿಕೆ ಈ ವರ್ಷ ಹಾಕಿಲ್ಲದಿದ್ದರೆ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಹಾಕಿಸಲಿ. ಇಲಿ ಜ್ವರ ನಾಯಿಯ ಉಚ್ಚೆಯಿಂದಲೂ ಬರುತ್ತದೆ, ಅದಕ್ಕೂ ಲಸಿಕೆ ಇದೆ. ಜಂತುಹುಳದ ಮಾತ್ರೆ. ಉಗುರು ಕತ್ತರಿಸಲಿ. ಕ್ಯಾನ್ಸರ್ ರೋಗಿಯ ಚರ್ಮ ಹಪ್ಪಳದ ಹಾಗೆ, ನಾಯಿ ಪ್ರೀತಿಯಿಂದ ಕಾಲು ಇಟ್ಟರೂ ಹರಿಯುತ್ತದೆ.

ನಿಮ್ಮ ಕಡೆಯದೇ ಒಂದು ತೊಂದರೆ ಉಣ್ಣಿ. ಉಣ್ಣಿಯಿಂದ ಹರಡುವ ಮಂಗನ ಕಾಯಿಲೆ ಮೊದಲು ಕಂಡದ್ದೇ 1957ರಲ್ಲಿ, ನಿಮ್ಮ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ತೀರ್ಥಹಳ್ಳಿ ಕಡೆಯೂ ಬರುತ್ತಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಅಡಿಕೆ ಕೊಯ್ಲಿನ ಕಾಲವೂ ಅದರ ಕಾಲವೂ ಒಂದೇ. ಕಾಡಂಚಿಗೆ ಹೋಗಿ ಬಂದ ನಾಯಿ, ದನ ಎರಡೂ ಉಣ್ಣಿ ಹೊತ್ತು ತರುತ್ತವೆ. ಕರಿಯ ಮಂಚದ ಹತ್ತಿರ ಹೋಗುವುದಾದರೆ ಉಣ್ಣಿಗೆ ಮಾತ್ರೆ ಬೇಕೇ ಬೇಕು. ಕಿವಿ ಒಳಗೆ, ಬೆರಳ ಸಂದಿಯಲ್ಲಿ ದಿನಾ ನೋಡಲಿ. ಸಿಕ್ಕಿದ್ದನ್ನು ಉಗುರಿನಲ್ಲಿ ಹೊಸಕಬಾರದು.

ಔಷಧಿಗಳ ಬಗ್ಗೆ ಇನ್ನೊಂದು ಎಚ್ಚರ. ಮುಂದೆ ನೋವಿಗೆ ಚರ್ಮದ ಮೇಲೆ ಅಂಟಿಸುವ ಫೆಂಟನಿಲ್ ಪಟ್ಟಿ ಹಚ್ಚಿದರೆ, ಅದು ಕಿತ್ತು ಬಿದ್ದಾಗ ನಾಯಿ ಜಗಿದರೆ ಸಾಯುತ್ತದೆ. ಹಳೆಯ ಪಟ್ಟಿಯಲ್ಲೂ ಔಷಧಿ ಉಳಿದಿರುತ್ತದೆ. ಡೈಕ್ಲೋಫಿನಾಕ್, ಐಬುಪ್ರೊಫೆನ್ ನಾಯಿಗೆ ವಿಷ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನೆಲಕ್ಕೆ ಬಿದ್ದ ಮಾತ್ರೆ ಹುಡುಕಿ ತೆಗೆಯಿರಿ.

ಮಂಡ್ಯ_ಬೆಲ್ಲ
ನಮ್ಮ ತಾತನ ಹತ್ತಿರ ಗಿಣಿ ಇದೆ. ಅವರಿಗೂ ಇದೇ ಪರಿಸ್ಥಿತಿ. ಮಂಚದ ಪಕ್ಕ ಪಂಜರ ಇಡಬಹುದಾ?

ಗೋಡಾಕ್ಟ್ರು
ನಮ್ಮ ನಾಡಿನ ಗಿಣಿಯಾದರೆ ಸಾಕುವುದೇ ಅಪರಾಧ, 1972ರ ವನ್ಯಜೀವಿ ಕಾಯ್ದೆ. ಶ್ವಾಸಕೋಶ ದುರ್ಬಲ ಇದ್ದವರಿಗೆ ಹಕ್ಕಿಯಿಂದ ಬರುವ ನ್ಯುಮೋನಿಯಾ ಬೇರೆ. ಒಂದು ಮೀನಿನ ತೊಟ್ಟಿ ಇಡಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಮರೆವಿನ ಕಾಯಿಲೆ ಇದ್ದ ವೃದ್ಧರ ಊಟದ ಕೋಣೆಯಲ್ಲಿ ಮೀನಿನ ತೊಟ್ಟಿ ಇಟ್ಟು ನೋಡಿದ್ದರು. ಅವರು ತಿನ್ನುವುದು ಜಾಸ್ತಿ ಆಯಿತು, ತೂಕವೂ ಏರಿತು. 2002ರಲ್ಲಿ ಬಂದ ಅಧ್ಯಯನ. ಸಂಶಯಪಿಶಾಚಿ ಅವರು ಒಪ್ಪುತ್ತಾರೋ ಇಲ್ಲವೋ!

ಸಂಶಯಪಿಶಾಚಿ
ತೂಕ ಅಳೆದಿದ್ದಾರೆ, ಒಪ್ಪಿದೆ.

ಅಡಿಕೆತೋಟ
ಊರಿಗೆ ಬಂದು ತಲುಪಿದೆವು. ಪ್ರಯಾಣ ಕಷ್ಟವಾದರೂ ಪರವಾಗಿಲ್ಲ. ಆದರೆ ನಾವು ಅಂದುಕೊಂಡ ಹಾಗೆ ಆಗಲಿಲ್ಲ.

ಕರಿಯ ಅಪ್ಪನನ್ನು ಕಂಡು ಬೊಗಳಿದ. ಅಂಗಳದಲ್ಲಿ ವೀಲ್‌ಚೇರ್ ಇಳಿಸುತ್ತಿದ್ದಂತೆ ಬೆನ್ನ ಕೂದಲು ನಿಮಿರಿಸಿ, ಹಿಂದೆ ಹಿಂದೆ ಸರಿಯುತ್ತಾ ಬೊಗಳಿದ. ಆಮೇಲೆ ಕೊಟ್ಟಿಗೆ ಹಿಂದೆ ಹೋದವನು ರಾತ್ರಿವರೆಗೂ ಬರಲಿಲ್ಲ. ಅಪ್ಪ ಏನೂ ಬರೆಯಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದರು. ಯಾಕಾದರೂ ಬಂದೆವೋ ಅನ್ನಿಸುತ್ತಿದೆ.

ಗೋಡಾಕ್ಟ್ರು
ಬೇಜಾರು ಮಾಡಿಕೊಳ್ಳಬೇಡಿ. ನಾಯಿ ಮನುಷ್ಯನನ್ನು ಗುರುತಿಸುವುದು ವಾಸನೆಯಲ್ಲಿ, ನಡಿಗೆಯಲ್ಲಿ, ದನಿಯಲ್ಲಿ. ಅಪ್ಪನ ಮೈಯಲ್ಲಿ ಈಗ ಇರುವುದು ಡೆಟ್ಟಾಲ್, ಔಷಧಿ, ಗಾಯದ ವಾಸನೆ. ಕವಳದ ವಾಸನೆ ಇಲ್ಲ. ನಡಿಗೆ ಇಲ್ಲ, ಚಕ್ರ ಇದೆ. ಕರೆಯುವ ದನಿ ಇಲ್ಲ. ಮುಖದಲ್ಲಿ ಟ್ಯೂಬು. ಅವನ ಲೆಕ್ಕದಲ್ಲಿ ಯಾರೋ ಹೊಸಬ ಯಜಮಾನನ ಮನೆಗೆ ಬಂದಿದ್ದಾನೆ.

ಹೀಗೆ ಮಾಡಿ. ಅವನನ್ನು ಎಳೆದು ತರಬೇಡಿ. ಅಪ್ಪನ ಹಳೆಯ ಕಂಬಳಿಯೋ ತೋಟದ ಅಂಗಿಯೋ ತೊಳೆಯದೆ ಇದ್ದರೆ ಅದನ್ನು ಅವರ ಮಡಿಲ ಮೇಲೆ ಹಾಸಿ. ಮಂಚವನ್ನು ಜಗಲಿಗೆ ಹಾಕಿ, ಬಾಗಿಲು ತೆರೆದಿರಲಿ, ಬರುವುದು ಹೋಗುವುದು ಅವನಿಗೆ ಬಿಟ್ಟದ್ದು. ಅನ್ನದ ತಟ್ಟೆಯನ್ನು ಅಪ್ಪನ ಕೈಯಿಂದ ಮುಟ್ಟಿಸಿ ಇಡಿ. ಅಪ್ಪ ಅವನ ಕಣ್ಣನ್ನೇ ನೋಡುತ್ತಾ ಕೂರಬಾರದು. ತುಟಿ ನೆಕ್ಕಿಕೊಳ್ಳುವುದು, ಆಕಳಿಸುವುದು, ಮುಖ ತಿರುಗಿಸುವುದು ಕಂಡರೆ ಅವನಿಗೆ ಇನ್ನೂ ಹೆದರಿಕೆ ಇದೆ ಅಂತ ಅರ್ಥ. ಎರಡು ಮೂರು ದಿನ ಕೊಡಿ.

ನೈಟ್‌ಡ್ಯೂಟಿ
ಅಪ್ಪನಿಗೂ ಇದನ್ನೇ ವಿವರಿಸಿ. "ಕರಿಯನಿಗೆ ನಿಮ್ಮ ಗುರುತು ಸಿಗಲಿಲ್ಲ" ಅನ್ನಬೇಡಿ. "ಟ್ಯೂಬಿನ ವಾಸನೆಗೆ ಹೆದರಿದ" ಅನ್ನಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಜಯನಗರ_ಅಜ್ಜಿ
ಸ್ವಲ್ಪ ಕವಳದ ಎಲೆ ದಿಂಬಿನ ಹತ್ತಿರ ಇಡಿ. ಬಾಯಿಗೆ ಹಾಕದೆ ಇದ್ದರೆ ತೊಂದರೆ ಏನು? ನಾಯಿಗೆ ಹೆದರುವವಳು ನಾನು, ಆದರೂ ಆ ಮನುಷ್ಯ ಗೋಡೆ ಕಡೆ ತಿರುಗಿದ್ದು ಓದಿ ತಡೆಯಲಾಗಲಿಲ್ಲ.

ಅಡಿಕೆತೋಟ
ಅಜ್ಜಿಯ ಎಲೆಯೋ, ಗೋಡಾಕ್ಟ್ರ ಕಂಬಳಿಯೋ, ಸುಮ್ನೆ ಕಾದದ್ದೋ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಕರಿಯ ಜಗಲಿ ಮೆಟ್ಟಿಲವರೆಗೆ ಬಂದು, ಮೂಗು ಎತ್ತಿ ಎತ್ತಿ ನೋಡಿ, ಕಂಬಳಿ ತುದಿ ಮೂಸಿ, ಮಂಚದ ಕೆಳಗೆ ಬಿದ್ದುಕೊಂಡ. ಅಪ್ಪನ ಕೈ ಮಂಚದಿಂದ ಇಳಿಬಿದ್ದಿತ್ತು. ಅವನ ಕಿವಿಗೆ ತಾಗುತ್ತಿತ್ತು, ಅಷ್ಟೇ. ಅಪ್ಪ ಅವನನ್ನು ಬೈದರು. ನಿಜವಾಗಲೂ ಬೈದರು, ಬಾಯಲ್ಲೇ, ಅರ್ಧಂಬರ್ಧ. ಫಿಸಿಯೋ ಅವರು ಹೇಳಿದ್ದು ಸರಿ. ಸ್ಲೇಟು ಬೇಕಾಗಲಿಲ್ಲ.

ಗಾಯಕ್ಕೆ ಬಟ್ಟೆ ಸುತ್ತಿಯೇ ಇಟ್ಟಿದ್ದೇವೆ. ನೋವೇನೂ ಕಡಿಮೆ ಆಗಿಲ್ಲ, ಸಂಶಯಪಿಶಾಚಿ ಅವರಿಗೆ ಹೇಳಿಬಿಡುತ್ತೇನೆ. ಮಾರ್ಫಿನ್ ಅಷ್ಟೇ ಬೇಕಾಗುತ್ತಿದೆ. ರಾತ್ರಿ ಕರೆಯುವುದು ಮಾತ್ರ ಕಡಿಮೆ ಆಗಿದೆ. ಮೊದಲು ಒಂಟಿ ಅನ್ನಿಸಿದಾಗಲೆಲ್ಲ ತಟ್ಟೆ ಬಡಿದು ಎಬ್ಬಿಸುತ್ತಿದ್ದರು.

ಗೌರಿ ಇನ್ನೂ ಈದಿಲ್ಲ. ಆ ವರದಿ ದಿನಾ ಎರಡು ಹೊತ್ತು ಕೊಡಬೇಕು.

ಸಂಶಯಪಿಶಾಚಿ
ಪ್ರಾಮಾಣಿಕ ವರದಿ. ಇಷ್ಟನ್ನೇ ಬರೆದಿದ್ದರೆ ನಾನು ಪೇಯೊ ವಿಡಿಯೋಗೂ ಲೈಕ್ ಒತ್ತುತ್ತಿದ್ದೆ.

ಬಿಸಿಬೇಳೆ_ಯುಕೆ
ಕೇಳಲು ಕಷ್ಟ, ಆದರೂ ಕೇಳುತ್ತೇನೆ. ಆಮೇಲೆ ಕರಿಯ ಯಾರ ಜೊತೆ ಇರುತ್ತಾನೆ ಅಂತ ಅಪ್ಪನಿಗೆ ಹೇಳಿದ್ದೀರಾ? ಇಲ್ಲಿ ಸಿನಮನ್ ಟ್ರಸ್ಟ್ ಅಂತ ಒಂದು ಸಂಸ್ಥೆ ಇದೆ, 1985ರಿಂದ. ವಯಸ್ಸಾದವರ, ಸಾವಿನಂಚಿನಲ್ಲಿರುವವರ ನಾಯಿಗಳನ್ನು ವಾಲಂಟಿಯರ್‌ಗಳು ವಾಕಿಂಗ್ ಕರೆದೊಯ್ಯುತ್ತಾರೆ. ಮಾಲೀಕರು ಹೋದ ಮೇಲೆ ನಾಯಿಗೆ ಮನೆಯನ್ನೂ ನೋಡುತ್ತಾರೆ. ಮಾಲೀಕರಿಗೆ ಬದುಕಿರುವಾ‌ಗಲೇ ಅದು ಗೊತ್ತಿರುತ್ತದೆ. ಹಾಸ್ಪಿಸ್‌ನಲ್ಲಿ ಎಷ್ಟೋ ಜನ ತಮ್ಮ ಬಗ್ಗೆ ಅಲ್ಲ, ನಾಯಿ ಬಗ್ಗೆ ನಿದ್ದೆ ಕೆಡಿಸಿಕೊಳ್ಳುತ್ತಾರೆ.

ಅಡಿಕೆತೋಟ
ಹೇಳಿರಲಿಲ್ಲ. ಇವತ್ತು ಅಮ್ಮನೇ ಹೇಳಿದಳು, ನಾನು ಇಲ್ಲೇ ಇರುತ್ತೇನೆ, ಬೆಂಗಳೂರಿಗೆ ಹೋಗಲ್ಲ, ಕರಿಯನೂ ಇಲ್ಲೇ ಅಂತ. ನಮಗೂ ಅದು ಹೊಸ ಸುದ್ದಿ! ಅಪ್ಪ ತಲೆ ಆಡಿಸಿ, "ಮೀನಿನ ಮುಳ್ಳು ಹಾಕಬೇಡ" ಅಂತ ಬರೆದರು.

ಗೋಡಾಕ್ಟ್ರೇ, ರೇಬೀಸ್ ಲಸಿಕೆ ಆಯಿತು. ಉಣ್ಣಿ ಮಾತ್ರೆ ಶಿವಮೊಗ್ಗದಲ್ಲಿ ಸಿಕ್ಕಿತು, ತೂಕಕ್ಕೆ ತಕ್ಕ ಹಾಗೆ ಕೊಡಬೇಕು ಅಂತಿದೆ. ಅಡಿಕೆ ತೂಗುವ ತಕ್ಕಡಿಯಲ್ಲಿ ನಿಲ್ಲಿಸಿದರೆ ಹಾರಿ ಓಡುತ್ತಾನೆ. ಏನು ಮಾಡಲಿ?

ಗೋಡಾಕ್ಟ್ರು
ನೀವೇ ಎತ್ತಿಕೊಂಡು ತಕ್ಕಡಿ ಮೇಲೆ ನಿಲ್ಲಿ. ಆಮೇಲೆ ನಿಮ್ಮೊಬ್ಬರ ತೂಕ ನೋಡಿ ಕಳೆಯಿರಿ. ಮಾತ್ರೆಯನ್ನು ಹೊಟ್ಟೆ ತುಂಬ ಅನ್ನ ಹಾಕಿದ ಮೇಲೆ ಕೊಡಿ, ಬೆಲ್ಲದೊಳಗೆ ಇಟ್ಟರೆ ನುಂಗುತ್ತಾನೆ. ಕೊಟ್ಟಿಗೆಯ ಹಸುಗಳಿಗೂ ಉಣ್ಣಿ ಔಷಧಿ ಆಗಬೇಕು, ಆದರೆ ಗೌರಿ ಗಬ್ಬ ಇರುವುದರಿಂದ ಅಲ್ಲಿನ ಪಶುವೈದ್ಯರನ್ನು ಕೇಳದೆ ಏನೂ ಹಚ್ಚಬೇಡಿ.